ಮಧ್ಯಾಹ್ನದ ಬಿಡುವಿಗೊಂದು ಒಳ್ಳೆಯ ಚಿತ್ರ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕ್ಕೆ ಮಾತ್ರವಲ್ಲ, ಗೃಹಿಣಿಯ ಬಿಡುವಿಗೂ ಸಲ್ಲುತ್ತದೆ. ಬೆಳಗಿನ ತಿಂಡಿ, ಮಕ್ಕಳ ಡಬ್ಬಿ, ಯಜಮಾನರ ಊಟ, ಪಾತ್ರೆ, ಬಟ್ಟೆ ಎಲ್ಲವೂ ಮುಗಿದು, ಸಂಜೆಯ ಹಾಲು ಬರುವ ತನಕ ನಮಗೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಟೀವಿ ಹಾಕಿದರೆ ನಿನ್ನೆ ರಾತ್ರಿಯ ಧಾರಾವಾಹಿಯ ಮರುಪ್ರಸಾರ. ಮೊಬೈಲು ಹಿಡಿದರೆ ಒಂದೊಂದು ನಿಮಿಷದ ತುಣುಕುಗಳು. ಬೆರಳಿನಲ್ಲಿ ತಳ್ಳುತ್ತಾ ಹೋದಂತೆ ಗಡಿಯಾರ ನಾಲ್ಕು ಹೊಡೆದಿರುತ್ತದೆ, ಏನು ನೋಡಿದೆವು ಎಂದು ಕೇಳಿದರೆ ಒಂದೂ ನೆನಪಿರುವುದಿಲ್ಲ.

ಧಾರಾವಾಹಿ ನೋಡುವವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ದಣಿದ ಜೀವಕ್ಕೆ ಏನೋ ಒಂದು ಬೇಕು. ಆದರೆ ಅದೇ ಟೀವಿಯಲ್ಲಿ, ಅದೇ ಮೊಬೈಲಿನಲ್ಲಿ ನಮ್ಮಂಥವರ ಬದುಕನ್ನೇ ಕುರಿತು ತೆಗೆದ ಒಳ್ಳೊಳ್ಳೆಯ ಚಿತ್ರಗಳಿವೆ. ಯಾರೂ ಹೇಳದಿದ್ದರೆ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ನಾವು ನಾಲ್ವರು ಹೆಂಗಸರು ಇದಕ್ಕೊಂದು ಉಪಾಯ ಮಾಡಿಕೊಂಡಿದ್ದೇವೆ. ನಾನಿರುವುದು ಶಿಡ್ಲಘಟ್ಟ. ನಾದಿನಿ ಚಿಂತಾಮಣಿಯಲ್ಲಿ, ತಂಗಿ ಗೌರಿಬಿದನೂರಿನಲ್ಲಿ, ಚಿಕ್ಕಮ್ಮ ಚಿಕ್ಕಬಳ್ಳಾಪುರದಲ್ಲಿ. ಹದಿನೈದು ದಿನಕ್ಕೊಂದು ಚಿತ್ರ ಆರಿಸಿ, ಅವರವರ ಮನೆಯಲ್ಲಿ ಅವರವರ ಬಿಡುವಿಗೆ ನೋಡುತ್ತೇವೆ. ಶನಿವಾರ ಮಧ್ಯಾಹ್ನ ಫೋನಿನಲ್ಲಿ ಮಾತು. ಮೂರು ವರ್ಷದಿಂದ ಇದು ನಡೆದಿದೆ. ಇಲ್ಲಿ ಹೇಳಿರುವುದೆಲ್ಲ ನಾವು ಪೂರ್ತಿ ನೋಡಿ, ಒಬ್ಬರಿಗೊಬ್ಬರು ಜಗಳವಾಡಿ, ಚೆನ್ನಾಗಿದೆ ಎಂದು ಒಪ್ಪಿಕೊಂಡ ಚಿತ್ರಗಳು.

'ಅವಾರ್ಡ್ ಪಿಕ್ಚರ್' ಎಂಬ ಹೆದರಿಕೆ

ನಾವು ಚಿಕ್ಕವರಿದ್ದಾಗ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಪಡೆದ ಚಿತ್ರಗಳು ಬರುತ್ತಿದ್ದವು. ದೊಡ್ಡವರು "ಓಹೋ, ಅವಾರ್ಡ್ ಪಿಕ್ಚರಾ?" ಎಂದು ದಿಂಬು ಹಾಕಿಕೊಂಡು ಮಲಗಿಬಿಡುತ್ತಿದ್ದರು. ಹಾಡಿಲ್ಲ, ಹೊಡೆದಾಟವಿಲ್ಲ, ಕತ್ತಲು ಹೆಚ್ಚು, ಮಾತು ಕಡಿಮೆ ಎಂಬ ಅಪವಾದ ಆಗಿನಿಂದಲೂ ಇದೆ.

ಕನ್ನಡದಲ್ಲಿ ಈ ಬಗೆಯ ಚಿತ್ರಗಳಿಗೆ ದಾರಿ ತೆರೆದದ್ದು 1970ರ 'ಸಂಸ್ಕಾರ'. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಗಿರೀಶ್ ಕಾರ್ನಾಡ್, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ಅಭಿನಯ. ಮೊದಲು ಸೆನ್ಸಾರಿನವರು ಬೇಡವೆಂದ ಚಿತ್ರಕ್ಕೇ ಆಮೇಲೆ ದೇಶದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಅದರ ಹಿಂದೆಯೇ 'ವಂಶವೃಕ್ಷ', 'ಕಾಡು', 'ಚೋಮನ ದುಡಿ', 'ಘಟಶ್ರಾದ್ಧ' ಸಾಲಾಗಿ ಬಂದವು. ಇವುಗಳಲ್ಲಿ ಬಹುಪಾಲು ನಮ್ಮ ಕಾದಂಬರಿ, ಕಥೆಗಳಿಂದಲೇ ಎದ್ದುಬಂದವು. ಗ್ರಂಥಾಲಯದ ಪುಸ್ತಕ ಓದಿ ಅತ್ತ ಹೆಂಗಸರಿಗೆ ಈ ಚಿತ್ರಗಳು ಪರಕೀಯವೇನಲ್ಲ.

ಒಂದೇ ಒಂದು ಕಿವಿಮಾತು: ಮೊದಲ ಇಪ್ಪತ್ತು ನಿಮಿಷ ಸಹನೆ ಇರಲಿ. ಮುದ್ದೆಗೆ ಎಸರು ಕುದಿಯುವ ತನಕ ಕಾಯುವುದಿಲ್ಲವೇ? ಹಾಗೆಯೇ.

ಮನೆಮಂದಿಯೆಲ್ಲ ಕೂತು ನೋಡುವಂಥವು

ಹೊಸಬರು ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'ನಿಂದ ಶುರುಮಾಡುವುದು ಒಳ್ಳೆಯದು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದ್ದು 1980ರ ದಶಕದ ನಡುವಿನಲ್ಲಿ. ಒಂದೊಂದು ಕಂತೂ ಚಿಕ್ಕದು. ಮಕ್ಕಳ ತಿಂಡಿ ಮುಗಿಯುವುದರಲ್ಲಿ ಕಥೆಯೂ ಮುಗಿದಿರುತ್ತದೆ. ಹಿಂದಿ ಬಾರದಿದ್ದರೂ ತೊಂದರೆಯಿಲ್ಲ, ಮಾಸ್ಟರ್ ಮಂಜುನಾಥನ ಮುಖವೇ ಎಲ್ಲ ಹೇಳುತ್ತದೆ. ಇದೇ ಲೇಖಕರ ಇನ್ನೊಂದು ಕಾದಂಬರಿಯಿಂದ ಟಿ.ಎಸ್. ನಾಗಾಭರಣ ತೆಗೆದ 'ಬ್ಯಾಂಕರ್ ಮಾರ್ಗಯ್ಯ' 1983ರದು. ಲೋಕೇಶ್ ಅವರ ಅಭಿನಯ ನೋಡಿದರೆ ದುಡ್ಡಿನ ಆಸೆ ಮನುಷ್ಯನನ್ನು ಹೇಗೆ ಕುಣಿಸುತ್ತದೆ ಎಂದು ನಗುತ್ತಲೇ ತಿಳಿಯುತ್ತದೆ.

ಪಿ. ಶೇಷಾದ್ರಿಯವರ 'ಭಾರತ್ ಸ್ಟೋರ್ಸ್' ಒಂದು ದಿನಸಿ ಅಂಗಡಿಯ ಕಥೆ. ದತ್ತಣ್ಣ ಅಂಗಡಿಯ ಶೆಟ್ಟರು. ದೊಡ್ಡ ದೊಡ್ಡ ಮಾಲುಗಳು ಬಂದಮೇಲೆ, ಪುಸ್ತಕದಲ್ಲಿ ಬರೆಸಿ ತಿಂಗಳ ಸಾಮಾನು ತರುತ್ತಿದ್ದ ಅಂಗಡಿ ಏನಾಯಿತು ಎಂಬುದೇ ವಸ್ತು. ಚಿಂತಾಮಣಿಯ ನಾದಿನಿ ಇದನ್ನು ನೋಡಿದ ವಾರ, "ಅತ್ತಿಗೇ, ನಾಳೆಯಿಂದ ಬೇಳೆ ನಮ್ಮ ಬೀದಿ ಅಂಗಡೀಲೇ" ಎಂದಳು. ಈಗಲೂ ಅಲ್ಲೇ ತರುತ್ತಾಳೆ, ಎರಡು ರೂಪಾಯಿ ಹೆಚ್ಚು ಎಂದು ಗೊಣಗುತ್ತಲೇ.

ರಾಮ್ ರೆಡ್ಡಿಯವರ 'ತಿಥಿ'ಯ ಹೆಸರು ಕೇಳಿ ಹೆದರಬೇಡಿ, ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಮಂಡ್ಯದ ಕಡೆಯ ಹಳ್ಳಿಯವರೇ ಪಾತ್ರ ಮಾಡಿದ್ದಾರೆ. ನೂರು ದಾಟಿದ ಸೆಂಚುರಿ ಗೌಡ ಸತ್ತು ಹನ್ನೊಂದನೇ ದಿನದ ತಿಥಿಯಾಗುವುದರೊಳಗೆ, ಮೊಮ್ಮಗ ಜಮೀನು ಮಾರಲು ಪಡುವ ಪಾಡೇ ಕಥೆ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಬೆಂಗಳೂರಿನ ಕಡೆಯಿಂದ ಕಾರುಗಳು ಬಂದು ನಿಂತು ಎಕರೆ ಎಷ್ಟು ಎಂದು ಕೇಳುವ ನಮ್ಮ ಸೀಮೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬೈಗುಳ ಹೆಚ್ಚು, ಚಿಕ್ಕ ಮಕ್ಕಳು ಸ್ಕೂಲಿಗೆ ಹೋದಮೇಲೆ ನೋಡಿ.

ಹೆಣ್ಣಿನ ಕಥೆ ಹೇಳುವ ಚಿತ್ರಗಳು

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಓದದ ವಾಚಕಿಯರು ಕಡಿಮೆ. ಅದನ್ನು 1983ರಲ್ಲಿ ಪ್ರೇಮಾ ಕಾರಂತರು ಚಿತ್ರ ಮಾಡಿದರು, ಎಲ್.ವಿ. ಶಾರದಾ ಫಣಿಯಮ್ಮನಾಗಿದ್ದಾರೆ. ಆಟವಾಡುವ ವಯಸ್ಸಿನಲ್ಲೇ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ಇಡೀ ಜೀವಮಾನ ಮನೆಯವರ ಸೇವೆಯಲ್ಲಿ ಕಳೆದ ಹೆಂಗಸು, ಕೊನೆಗೆ ಇನ್ನೊಬ್ಬ ಎಳೆಯ ವಿಧವೆಗೆ ಆ ಗತಿ ಬರಬಾರದೆಂದು ನಿಲ್ಲುತ್ತಾಳೆ.

ನಮ್ಮ ಅತ್ತೆಯವರಿಗೆ ಈಗ ಎಂಬತ್ತೊಂದು. ಸಾಮಾನ್ಯವಾಗಿ ಟೀವಿ ಹಾಕಿದರೆ ಕೂತಲ್ಲೇ ತೂಕಡಿಸುವವರು, ಅವತ್ತು ರೆಪ್ಪೆ ಮುಚ್ಚಲಿಲ್ಲ. ಮುಗಿದಮೇಲೆ ಬಹಳ ಹೊತ್ತು ಸುಮ್ಮನಿದ್ದು, "ನಮ್ಮಪ್ಪನ ಅಕ್ಕ ಒಬ್ಬರು ಹೀಗೇ ಇದ್ದರು ಕಣಮ್ಮ, ಹಿಂದಿನ ಕೋಣೇಲಿ" ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಮಾತು ಕೇಳಿರಲಿಲ್ಲ, ನಮ್ಮೆಜಮಾನರೂ ಕೇಳಿರಲಿಲ್ಲ. ಎಲ್ಲರೂ ಅವರನ್ನು 'ಮಡಿ ಅಜ್ಜಿ' ಎನ್ನುತ್ತಿದ್ದರಂತೆ. ಹಪ್ಪಳಕ್ಕೆ ಹಿಟ್ಟು ಕುಟ್ಟುವುದು, ಬಾಣಂತಿಯರಿಗೆ ನೀರು ಹಾಕುವುದು ಎಲ್ಲಕ್ಕೂ ಅವರು ಬೇಕು. ಹಸೆಗೆ ಎದುರು ಮಾತ್ರ ಬರಬಾರದು. "ಅವರ ಹೆಸರೇನಿತ್ತು ಅಜ್ಜಿ?" ಎಂದು ನಮ್ಮ ಮಗಳು ಕೇಳಿದಳು. ಅತ್ತೆಯವರು ಸ್ವಲ್ಪ ಯೋಚಿಸಿ ಹೆಸರು ಹೇಳಿದರು. ಮಗಳು ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಮನೆಯಲ್ಲಿ ಆ ಹೆಸರು ಬರೆದ ಕಾಗದ ಇನ್ನೊಂದಿಲ್ಲ.

ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಇನ್ನೂ ಕಠಿಣವಾದದ್ದು. ಬಸಿರಾದ ಎಳೆಯ ವಿಧವೆಗೆ, ಬದುಕಿರುವಾಗಲೇ ತಂದೆ ಶ್ರಾದ್ಧ ಮಾಡುತ್ತಾನೆ. ಅದನ್ನೆಲ್ಲ ಒಬ್ಬ ಚಿಕ್ಕ ಹುಡುಗ ಕಾಣುತ್ತಾನೆ. ಸ್ವರ್ಣಕಮಲ ಪಡೆದ ಈ ಚಿತ್ರದ ಹಳೆಯ ರೀಲುಗಳನ್ನು ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮನಸ್ಸು ಗಟ್ಟಿಯಿರುವ ದಿನ ನೋಡಿ, ಒಬ್ಬರೇ ಬೇಡ.

ಅವರದೇ 'ಗುಲಾಬಿ ಟಾಕೀಸ್' (2008) ನೋಡಿದಾಗ ನಾವು ನಾಲ್ವರೂ ಒಂದೇ ಮಾತು ಹೇಳಿದೆವು: ಇದು ನಮ್ಮದೇ ಕಥೆ! ವೈದೇಹಿಯವರ ಕಥೆಯ ಎಳೆ ಹಿಡಿದು ತೆಗೆದದ್ದು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ, ಒಂದು ಹೆರಿಗೆ ಮಾಡಿಸಿದ ಉಪಕಾರಕ್ಕೆ ಕಲರ್ ಟೀವಿ ಸಿಗುತ್ತದೆ. ಕರಾವಳಿಯ ಆ ಕೇರಿಯ ಹೆಂಗಸರೆಲ್ಲ ಅವಳ ಗುಡಿಸಲಿಗೆ ಬಂದು ಕೂರುತ್ತಾರೆ, ನೋಡುತ್ತಾರೆ, ತಮ್ಮ ಕಷ್ಟಸುಖ ಮಾತಾಡಿಕೊಳ್ಳುತ್ತಾರೆ. ಆಮೇಲೆ ಊರಿಗೆ ಜಾತಿ ಧರ್ಮದ ಗಾಳಿ ಬೀಸುತ್ತದೆ. ಉಮಾಶ್ರೀಯವರಿಗೆ ಇದಕ್ಕಾಗಿ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು.

'ಹಸೀನಾ' (2004) ಕೂಡ ಕಾಸರವಳ್ಳಿಯವರದೇ. ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟ ಹೆಂಗಸು ನ್ಯಾಯ ಕೇಳಿಕೊಂಡು ಮಸೀದಿಯ ಬಾಗಿಲಿಗೆ ಹೋಗುತ್ತಾಳೆ. ಇದರಲ್ಲಿ ತಾರಾ ಅವರಿಗೂ ರಾಷ್ಟ್ರಪ್ರಶಸ್ತಿ. ಮೂಲಕಥೆ 'ಕರಿ ನಾಗರಗಳು', ಹಾಸನದ ಬಾನು ಮುಷ್ತಾಕ್ ಅವರದು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದದ್ದು ತಮಗೆಲ್ಲ ಗೊತ್ತಿದೆ. ಕಥೆ ಓದಿ ಚಿತ್ರ ನೋಡಿದರೆ ಇನ್ನೂ ಚೆನ್ನು.

'ದ್ವೀಪ' (2002) ಸೌಂದರ್ಯ ಅವರು ತಾವೇ ನಿರ್ಮಿಸಿ ನಟಿಸಿದ ಚಿತ್ರ. ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟಿನ ಹಿನ್ನೀರು ಏರಿ ಬರುತ್ತಿದ್ದರೂ ಮನೆ ಬಿಡದ ಸಂಸಾರ. ಗಂಡ ಎದೆಗುಂದಿದಾಗ ಮನೆ ಉಳಿಸುವವಳು ಹೆಂಡತಿ ನಾಗಿ. ಕೊನೆಗೆ ಹೊಗಳಿಕೆ ಯಾರಿಗೆ ಸಲ್ಲುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ಸೌಂದರ್ಯ ಮುಳಬಾಗಿಲು ಕಡೆಯವರು, ಅಂದರೆ ನಮ್ಮ ಸೀಮೆಯ ಹೆಣ್ಣುಮಗಳು. 2004ರ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಾವಿರ ಅಡಿ ಕೊರೆಸಿದರೂ ಬೋರಿನಲ್ಲಿ ಧೂಳು ಬರುವ ಊರಿನಲ್ಲಿ ಕೂತು, ನೀರು ಹೆಚ್ಚಾಗಿ ಮನೆ ಕಳೆದುಕೊಳ್ಳುವವರನ್ನು ನೋಡುವುದು ಒಂದು ವಿಚಿತ್ರ ಅನುಭವ. "ನೀರಿದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ, ಹೆಂಗಸಿಗೇ ಎಲ್ಲಾ" ಎಂದರು ಚಿಕ್ಕಮ್ಮ.

ರೇಷ್ಮೆಯ ಊರಿನವರಿಗೆ ಎರಡು

ಶಿಡ್ಲಘಟ್ಟವೆಂದರೆ ರೇಷ್ಮೆಗೂಡು. ನಮ್ಮ ಪಕ್ಕದ ಮನೆಯಾಕೆ ನೂಲು ಬಿಚ್ಚಾಣಿಕೆಗೆ ಹೋಗುವವಳು. ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳೆಲ್ಲ ಬೆಳ್ಳಗಾಗಿವೆ. ಅವಳನ್ನು ಕೂರಿಸಿಕೊಂಡು ನೋಡಿದ್ದು ತಮಿಳಿನ 'ಕಾಂಚೀವರಂ'. ಪ್ರಿಯದರ್ಶನ್ ನಿರ್ದೇಶನ, ಪ್ರಕಾಶ್ ರಾಜ್ ಅಭಿನಯ. 'ಗುಲಾಬಿ ಟಾಕೀಸ್'ಗೆ ಉಮಾಶ್ರೀ ಪ್ರಶಸ್ತಿ ಪಡೆದ ಸಾಲಿನಲ್ಲೇ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಎರಡೂ ಪ್ರಶಸ್ತಿ ಇದಕ್ಕೆ. ಮಗಳ ಮದುವೆಗೆ ರೇಷ್ಮೆ ಸೀರೆ ಉಡಿಸುತ್ತೇನೆಂದು ಮಾತು ಕೊಟ್ಟ ನೇಕಾರ, ಕೊಳ್ಳುವ ಶಕ್ತಿಯಿಲ್ಲದೆ, ದಿನವೂ ಒಂದೆಳೆ ರೇಷ್ಮೆಯನ್ನು ಬಾಯಲ್ಲಿಟ್ಟುಕೊಂಡು ಮನೆಗೆ ತರುತ್ತಾನೆ. ಮುಂದಿನದನ್ನು ನಾನು ಹೇಳುವುದಿಲ್ಲ.

ಮುಗಿದಾಗ ಪಕ್ಕದ ಮನೆಯಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದ್ದು ಇಷ್ಟೇ: "ಅಕ್ಕಾ, ಹದಿನೆಂಟು ವರ್ಷದಿಂದ ರೇಷ್ಮೆ ಬಿಚ್ಚಿದ್ದೀನಿ. ನನ್ನ ಮದುವೆ ಸೀರೆ ಮಾತ್ರ ಪಾಲಿಸ್ಟರು."

ಅವಳ ಮನಸ್ಸು ಹಗುರಾಗಲೆಂದು ಮರುವಾರ ತೋರಿಸಿದ್ದು ತೆಲುಗಿನ 'ಮಲ್ಲೇಶಂ' (2019). ನಮ್ಮ ತಾಲ್ಲೂಕುಗಳಲ್ಲಿ ತೆಲುಗು ತಿಳಿಯದ ಮನೆ ಅಪರೂಪ, ಹಾಗಾಗಿ ಭಾಷೆಯ ತೊಡಕಿಲ್ಲ. ಇದು ನಿಜವಾಗಿ ನಡೆದದ್ದು. ತೆಲಂಗಾಣದ ನೇಕಾರರ ಮನೆಯಲ್ಲಿ, ಸೀರೆ ನೇಯುವ ಮೊದಲು ನೂಲನ್ನು ಕೈಯಿಂದ ಸಾವಿರಾರು ಸಲ ಅತ್ತಿಂದಿತ್ತ ಸುತ್ತಬೇಕು. ಇದಕ್ಕೆ 'ಆಸು' ಎನ್ನುತ್ತಾರೆ. ಆ ಕೆಲಸ ಹೆಂಗಸರದು. ತಾಯಿಯ ತೋಳುನೋವು ನೋಡಲಾರದೆ, ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟ ಚಿಂತಕಿಂದಿ ಮಲ್ಲೇಶಂ ವರ್ಷಗಟ್ಟಲೆ ಸಾಲ ಮಾಡಿ, ಜನರಿಂದ ಹುಚ್ಚನೆನಿಸಿಕೊಂಡು, ಆ ಕೆಲಸಕ್ಕೊಂದು ಯಂತ್ರ ಮಾಡಿದರು. ತಾಯಿ ಲಕ್ಷ್ಮಿಯ ಹೆಸರನ್ನೇ ಅದಕ್ಕಿಟ್ಟರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗಂಡುಮಕ್ಕಳನ್ನು ಖಂಡಿತ ಕೂರಿಸಿ ತೋರಿಸಿ. ಅಮ್ಮನ ತೋಳು ನೋಯುತ್ತದೆ ಎಂಬುದನ್ನು ಗಮನಿಸುವುದನ್ನಾದರೂ ಕಲಿಯಲಿ.

ಬಳೆ ಉಳಿಸಿದ ಚಿತ್ರ

'ಶಿವಮ್ಮ' ಎಂಬ ಕನ್ನಡ ಚಿತ್ರ, ನಿರ್ದೇಶನ ಜೈಶಂಕರ್ ಆರ್ಯರ್. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಊರಿನವರನ್ನೇ ಹಾಕಿಕೊಂಡು ತೆಗೆದದ್ದು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಬಂತು, 2024ರಲ್ಲಿ ನಮ್ಮಲ್ಲಿ ತೆರೆಕಂಡಿತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಬಡ ಹೆಂಗಸು, ಶಕ್ತಿ ಬರುವ ಪುಡಿ ಮಾರಿದರೆ, ಇನ್ನಷ್ಟು ಜನರನ್ನು ಸೇರಿಸಿದರೆ ಸಂಸಾರ ಮೇಲೆ ಬರುತ್ತದೆಂದು ನಂಬಿ, ಇದ್ದಬದ್ದ ಹಣವನ್ನೆಲ್ಲ ಹಾಕುತ್ತಾಳೆ.

ಇದನ್ನು ಆ ಹದಿನೈದು ದಿನಕ್ಕೆ ಆರಿಸಿದವರು ಚಿಕ್ಕಮ್ಮ. ಅದೇ ಹೊತ್ತಿಗೆ ಗೌರಿಬಿದನೂರಿನ ನನ್ನ ತಂಗಿ, ಪರಿಚಯದ ಹೆಂಗಸೊಬ್ಬಳ ಮಾತು ಕೇಳಿ, ಇಂಥದ್ದೇ ಪುಡಿ ಡಬ್ಬಿಯ ವ್ಯವಹಾರಕ್ಕೆ ನಲವತ್ತು ಸಾವಿರ ಹಾಕಲು ತಯಾರಾಗಿದ್ದಳು. ಎರಡು ಬಳೆ ಅಡವಿಡುವ ಯೋಚನೆ. ನಮಗ್ಯಾರಿಗೂ ಹೇಳಿರಲಿಲ್ಲ. ಶನಿವಾರ ಫೋನಿನಲ್ಲಿ ಅವಳ ದನಿಯೇ ಇಲ್ಲ. ಮರುದಿನ ತಾನೇ ಫೋನ್ ಮಾಡಿ ಎಲ್ಲ ಹೇಳಿದಳು. ಚಿತ್ರ ಮುಗಿಸಿ ಒಂದು ಕಾಗದ ತೆಗೆದುಕೊಂಡು, ತಮ್ಮ ಬೀದಿಯಲ್ಲಿ ತಿಂಗಳು ತಿಂಗಳೂ ಆ ಡಬ್ಬಿ ಕೊಳ್ಳುವ ಶಕ್ತಿ ಯಾರ್ಯಾರಿಗಿದೆ ಎಂದು ಮನೆ ಮನೆಯ ಲೆಕ್ಕ ಹಾಕಿದಳಂತೆ. ಹನ್ನೊಂದು ಮನೆಯಲ್ಲಿ ಎರಡು. ಬಳೆ ಕೈಯಲ್ಲೇ ಉಳಿದವು.

ಆದರೆ ಕರೆದ ಆ ಹೆಂಗಸು ಈಗ ತಂಗಿಯ ಹತ್ತಿರ ಮಾತಾಡುವುದಿಲ್ಲ. ಅವಳ ಮನೆಯ ಮಂಚದ ಕೆಳಗೆ ಡಬ್ಬಿಗಳು ಇನ್ನೂ ಇವೆ. ದುಡಿಯಬೇಕೆಂಬ ಹೆಂಗಸಿನ ಆಸೆ ಕೆಟ್ಟದ್ದಲ್ಲ, ಆ ಆಸೆಯ ಮೇಲೆ ಕಣ್ಣಿಟ್ಟವರು ಬಹಳ ಜನ. ಚಿತ್ರವೂ ಶಿವಮ್ಮನನ್ನು ದಡ್ಡಿ ಎಂದು ಗೇಲಿ ಮಾಡುವುದಿಲ್ಲ, ಅದೇ ಅದರ ದೊಡ್ಡತನ. ತಂಗಿ ಆ ಹೆಂಗಸಿಗೂ ಚಿತ್ರದ ಹೆಸರು ಹೇಳಿ ಕಳಿಸಿದ್ದಾಳೆ; ನೋಡಿದಳೋ ಇಲ್ಲವೋ ತಿಳಿಯದು.

ಇದರ ಜೊತೆಗೆ ಇಟ್ಟು ನೋಡಬೇಕಾದದ್ದು 'ತಬರನ ಕಥೆ' (1986). ಪೂರ್ಣಚಂದ್ರ ತೇಜಸ್ವಿಯವರ ಕಥೆ, ಕಾಸರವಳ್ಳಿಯವರ ನಿರ್ದೇಶನ, ಚಾರುಹಾಸನ್ ಅಭಿನಯ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕ, ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿ. ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ತಬರ ಅಪರಿಚಿತನೇನಲ್ಲ.

ಅರ್ಧ ಗಂಟೆ ಬಿಡುವಿದ್ದರೆ

ಸಾಕ್ಷ್ಯಚಿತ್ರ ಎಂದೊಡನೆ ಹಿಂದೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದ ಸರ್ಕಾರಿ ರೀಲು ನೆನಪಾಗುತ್ತದೆ. ಈಗಿನವು ಹಾಗಿಲ್ಲ. 'ದಿ ಎಲಿಫೆಂಟ್ ವಿಸ್ಪರರ್ಸ್' ಮುದುಮಲೆ ಕಾಡಿನಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕುವ ಬೊಮ್ಮನ್ ಮತ್ತು ಬೆಳ್ಳಿಯರ ಕಥೆ. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್, 2023ರಲ್ಲಿ ಆಸ್ಕರ್ ಬಂತು. ಸುಮಾರು ನಲವತ್ತು ನಿಮಿಷ.

'ಪೀರಿಯಡ್. ಎಂಡ್ ಆಫ್ ಸೆಂಟೆನ್ಸ್' ಇನ್ನೂ ಚಿಕ್ಕದು. ದಿಲ್ಲಿಗೆ ಹತ್ತಿರದ ಹಾಪುಡ್ ಕಡೆಯ ಹಳ್ಳಿಯ ಹೆಂಗಸರು ಯಂತ್ರದಲ್ಲಿ ಮುಟ್ಟಿನ ಪ್ಯಾಡು ತಯಾರಿಸಲು ಕಲಿತದ್ದೇ ವಸ್ತು. 2019ರಲ್ಲಿ ಇದಕ್ಕೂ ಆಸ್ಕರ್. ಬೆಳೆದ ಹೆಣ್ಣುಮಕ್ಕಳಿರುವ ತಾಯಂದಿರು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಬಾಯಿ ಬಿಟ್ಟು ಹೇಳಲು ನಾಚಿಕೆಯಾಗುವ ಮಾತನ್ನು ಅದೇ ಹೇಳಿಬಿಡುತ್ತದೆ.

ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ 'ವೈಲ್ಡ್ ಕರ್ನಾಟಕ' ನಮ್ಮ ರಾಜ್ಯದ ಕಾಡು, ಕಡಲು, ಪ್ರಾಣಿಪಕ್ಷಿಗಳದ್ದು. ಕನ್ನಡದಲ್ಲಿ ರಿಷಬ್ ಶೆಟ್ಟಿಯವರ ಧ್ವನಿ ಇದೆ. ಧಾರಾವಾಹಿಯೇ ಬೇಕೆನ್ನುವವರು ಟಿ.ಎನ್. ಸೀತಾರಾಮ್ ಅವರ ತಂಡ 1998ರಲ್ಲಿ ದೂರದರ್ಶನಕ್ಕೆ ಮಾಡಿದ 'ಮಾಯಾಮೃಗ'ವನ್ನೂ, ಕಾಸರವಳ್ಳಿಯವರು ಭೈರಪ್ಪನವರ ಕಾದಂಬರಿಯಿಂದ ಮಾಡಿದ 'ಗೃಹಭಂಗ'ವನ್ನೂ ಹುಡುಕಿ ನೋಡಬಹುದು.

ನೋಡುವ ಮೊದಲು ಕೆಲವು ಸೂಚನೆಗಳು

ಒಂದು: ಚಿತ್ರದ ಹೆಸರಿನ ಜೊತೆ ನಿರ್ದೇಶಕರ ಹೆಸರನ್ನೂ ಹಾಕಿ ಹುಡುಕಿ. ಇವತ್ತು ಒಂದು ಕಡೆ ಸಿಕ್ಕದ್ದು ನಾಳೆ ಇನ್ನೊಂದು ಕಡೆ ಇರುತ್ತದೆ. ಕದ್ದು ಹಾಕಿದ ಪ್ರತಿ ಬೇಡ. ಇಂಥ ಚಿತ್ರ ತೆಗೆದವರಿಗೆ ಮೊದಲೇ ಲಾಭ ಕಡಿಮೆ.

ಎರಡು: ಚಂದಾ ಕಟ್ಟುವುದಾದರೆ ಒಮ್ಮೆಗೆ ಒಂದೇ ಕಡೆ, ಒಂದೇ ತಿಂಗಳು. ನೋಡಬೇಕಾದದ್ದನ್ನೆಲ್ಲ ನೋಡಿ, ತಾನಾಗಿ ಹಣ ಕಡಿತವಾಗುವುದನ್ನು ಮರೆಯದೆ ನಿಲ್ಲಿಸಿ.

ಮೂರು: ಒಂದೇ ದಿನ ಮುಗಿಸಬೇಕೆಂಬ ನಿಯಮವಿಲ್ಲ, ಎರಡು ಮಧ್ಯಾಹ್ನಕ್ಕೆ ಹಂಚಿಕೊಳ್ಳಿ. ಅವರೇಕಾಯಿ ಸುಲಿಯುವುದು, ಬೇಳೆ ಹಿತಕುವುದು, ಹೂ ಕಟ್ಟುವುದು ಚಿತ್ರದ ಜೊತೆ ಚೆನ್ನಾಗಿ ಹೊಂದುತ್ತವೆ. ಒಲೆಯ ಮೇಲೆ ಏನನ್ನೂ ಇಡಬೇಡಿ. ರೇಷ್ಮೆ ಸಾಕುವ ಮನೆಯವರು ಹುಳು ಹಣ್ಣಾಗುವ ವಾರ ಚಿತ್ರದ ಮಾತೇ ಎತ್ತಬೇಡಿ!

ನಾಲ್ಕು: ಒಬ್ಬರಾದರೂ ಜೊತೆಗಿರಲಿ, ಇಲ್ಲವೇ ಫೋನಿನ ಆಚೆಗಿರಲಿ. ಅರ್ಧ ಪ್ರಯೋಜನ ನೋಡುವುದರಲ್ಲಿ, ಇನ್ನರ್ಧ ಆಮೇಲಿನ ಮಾತಿನಲ್ಲಿ.

ಆರು ಸಂಚಿಕೆಗೆ ಆರು ಚಿತ್ರ

ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ ಈ ಕ್ರಮ ಹಿಡಿಸೀತು. ಪತ್ರಿಕೆ ಕೈಗೆ ಬಂದಾಗಲೆಲ್ಲ ಒಂದು: ಮೊದಲಿಗೆ 'ಭಾರತ್ ಸ್ಟೋರ್ಸ್', ಆಮೇಲೆ 'ಗುಲಾಬಿ ಟಾಕೀಸ್', ಮೂರನೆಯದು 'ಮಲ್ಲೇಶಂ', ನಾಲ್ಕನೆಯದು 'ಫಣಿಯಮ್ಮ', ಐದನೆಯದು 'ಶಿವಮ್ಮ', ಆರನೆಯದು 'ದ್ವೀಪ'. ನಡುನಡುವೆ ಮನಸ್ಸು ಭಾರವಾದರೆ 'ಮಾಲ್ಗುಡಿ ಡೇಸ್'ನ ಒಂದು ಕಂತು.

ಮೂರು ತಿಂಗಳಲ್ಲಿ ಆರು ಚಿತ್ರ ಹೆಚ್ಚೇನಲ್ಲ. ಮನೆಯಲ್ಲಿ ಹಿರಿಯರಿದ್ದರೆ 'ಫಣಿಯಮ್ಮ' ನೋಡುವಾಗ ಅವರನ್ನು ತಪ್ಪದೆ ಕರೆದು ಕೂರಿಸಿ. ಮುಗಿದಮೇಲೆ ಕೂಡಲೇ ಟೀವಿ ಆರಿಸಿ ಅಡಿಗೆಮನೆಗೆ ಎದ್ದುಹೋಗಬೇಡಿ. ಅವರು ಏನಾದರೂ ಹೇಳಬಹುದು.